ಹನ್ನೆರಡು ವರ್ಷ ಚಿಕ್ಕವನು

ಹೆರಿಗೆ ಆಸ್ಪತ್ರೆಯ ಹಿಂಬದಿ ಕೋಣೆಯಲ್ಲಿ ದಾದಿ ಒಗೆದು ಒಣಗಿಸಿದ ಬಟ್ಟೆಗಳನ್ನು ಮಡಿಸುತ್ತಿದ್ದಳು. ಮಗ ಸತ್ತ ಮೇಲೆ ಅವಳು ರಜೆಯ ದಿನವೂ ಕೆಲಸಕ್ಕೆ ಬರುತ್ತಿದ್ದಳು. ಮನೆಯಲ್ಲಿ ಕೂತರೆ ಗೋಡೆಗಳು ಮೈಮೇಲೆ ಬಂದಂತಾಗುತ್ತಿತ್ತು. ಬಾಗಿಲಲ್ಲಿ ನೆರಳು ಬಿದ್ದಿತೆಂದು ತಲೆಯೆತ್ತಿದವಳ ಕೈ ಹಾಗೇ ನಿಂತಿತು.

ಬಂದವಳು ಕೊಲೆಗಾರನ ತಾಯಿ.

ದಾದಿಯ ಮಗ ಬಸ್ ಕಂಡಕ್ಟರ್ ಆಗಿದ್ದ. ಬಾಗಿಲಲ್ಲಿ ನೇತಾಡಬೇಡವೆಂದು ಗದರಿದ್ದಕ್ಕೆ ಆ ಹುಡುಗ ಇಳಿದು ಹೋಗಿ, ಮತ್ತೆ ಬಂದು, ನಿಲ್ದಾಣದಲ್ಲೇ ಅವನ ಹೊಟ್ಟೆಗೆ ಚಾಕು ಹಾಕಿದ್ದ. ಅಪರಾಧ ಸಾಬೀತಾಗಿತ್ತು. ಶಿಕ್ಷೆಯೊಂದೇ ಬಾಕಿ.

"ನಾಡಿದ್ದು ಗಲ್ಲು ಅಂತ ಹೇಳ್ತಾರಂತೆ, ಅಕ್ಕಾ. ಹದಿನೆಂಟು ತುಂಬದವರಿಗೆ ಗಲ್ಲಿಲ್ಲವಂತೆ. ಕಾರ್ಖಾನೆಗೆ ಸೇರಿಸೋಕೆ ಅವರಪ್ಪ ವಯಸ್ಸು ಜಾಸ್ತಿ ಬರೆಸಿಬಿಟ್ಟ. ಇಲ್ಲಿನ ಹಳೇ ದಾಖಲೆ ಗೆದ್ದಲು ಹಿಡಿದು ಹೋಗಿದೆ. ಅವನು ಯಾವತ್ತು ಹುಟ್ಟಿದ ಅಂತ ಗೊತ್ತಿರೋದು ನನಗೆ, ಹೆರಿಗೆ ಮಾಡಿಸಿದ ನಿಮಗೆ. ನನ್ನ ಮಾತು ಯಾರು ನಂಬ್ತಾರೆ?"

"ನನ್ನ ಮಗನಿಗೆ ಸಾಯೋ ವಯಸ್ಸಾಗಿತ್ತಾ? ಹೋಗು. ಕಣ್ಣೆದುರು ನಿಲ್ಲಬೇಡ."

ಅವಳು ಹೋದಳು. ಆದರೆ ಆ ಹುಡುಗ ಹುಟ್ಟಿದ ದಿನ ದಾದಿಯ ಮನಸ್ಸಿನಿಂದ ಹೋಗಲಿಲ್ಲ. ಅಂದು ತನ್ನ ಮಗನಿಗೆ ಹನ್ನೆರಡು ತುಂಬಿತ್ತು. ಬೇಗ ಬರುತ್ತೇನೆಂದು ಮಾತು ಕೊಟ್ಟು ಬಂದವಳು ಕಷ್ಟದ ಹೆರಿಗೆಯೊಂದರಲ್ಲಿ ಸಂಜೆಯವರೆಗೆ ಸಿಕ್ಕಿಕೊಂಡಿದ್ದಳು. ಕೂಸು ನೀಲಿಗಟ್ಟಿತ್ತು, ಅಳಲಿಲ್ಲ. ಬಾಯಿಗೆ ಬಾಯಿಟ್ಟು ಉಸಿರು ಊದಿದ್ದಳು. ಅಂದು ಕೈಚೆಲ್ಲಿದ್ದರೆ! ಆ ಯೋಚನೆಗೆ ಅವಳೇ ಬೆಚ್ಚಿ, ಮಡಿಸಿದ ಬಟ್ಟೆಯಲ್ಲಿ ಮುಖ ಹುದುಗಿಸಿ ಬಿಕ್ಕಿದಳು.

ಮನೆಯಲ್ಲಿ ಸೊಸೆಗೆ ಹೇಳಿದಾಗ ಅವಳು ಉರಿದುಬಿದ್ದಳು. "ಚಾಕು ಹಿಡಿಯೋಕೆ ವಯಸ್ಸಾಗಿತ್ತಲ್ಲ ಅತ್ತೆ? ನೀವೇನೂ ಸುಳ್ಳು ಹೇಳಬೇಕಿಲ್ಲ. ಸುಮ್ಮನಿದ್ದರೆ ಸಾಕು."

"ಸುಮ್ಮನಿದ್ದರೆ ಅವನ ಕತ್ತಿಗೆ ಹಗ್ಗ ಹಾಕೋ ಕೈ ನನ್ನದಾಗುತ್ತೆ ಕಣೇ."

"ಆಗಲಿ! ನನ್ನ ಗಂಡನ ರಕ್ತ ನಿಮಗೆ ನೀರಾಯ್ತಾ?"

ದಾದಿ ತಟ್ಟೆ ಸರಿಸಿ ಎದ್ದಳು.

ಶಿಕ್ಷೆ ಹೇಳಬೇಕಿದ್ದ ದಿನ ನ್ಯಾಯಾಲಯದಲ್ಲಿ ಕಟಕಟೆಗೆ ಆತುಕೊಂಡು ನಿಂತಿದ್ದವನ ಮೇಲೆ ಅವಳ ಕಣ್ಣು ಬಿತ್ತು. ಮೇಲ್ತುಟಿಯ ಮೇಲೆ ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಅವನ ಮೇಲೆ ಕರುಣೆಯೇನೂ ಹುಟ್ಟಲಿಲ್ಲ. ಆದರೂ ಎದ್ದಳು. ಇವನ ಹೆರಿಗೆ ಮಾಡಿಸಿದವಳು ತಾನೇ, ಕೊಲೆಯ ದಿನ ಇವನಿಗೆ ಹದಿನೆಂಟು ತುಂಬಿರಲಿಲ್ಲ ಎಂದಳು.

"ವಯಸ್ಸಿನ ವಿಷಯ ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ?" ಸರ್ಕಾರಿ ವಕೀಲರು ಕೇಳಿದರು.

"ನನ್ನ ಮಗ ಹುಟ್ಟಿದ ದಿನವೇ ಇವನೂ ಹುಟ್ಟಿದ್ದು ಸ್ವಾಮಿ, ಹನ್ನೆರಡು ವರ್ಷ ಬಿಟ್ಟು. ನನ್ನ ಮಗ ಸತ್ತಾಗ ಅವನಿಗೆ ಇಪ್ಪತ್ತೆಂಟು. ಲೆಕ್ಕ ನೀವೇ ಹಾಕಿಕೊಳ್ಳಿ."

"ಸತ್ತವನು ನಿಮ್ಮ ಮಗ. ಇವನು ಉಳಿಯಲಿ ಅಂತೀರಾ?"

"ಹೊರಗೆ ಬಿಡಿ ಅಂದಿಲ್ಲ. ಇವನು ಮಾಡಿದ್ದು ಇವನಿಗೆ ಅರ್ಥವಾಗೋವರೆಗಾದರೂ ಬದುಕಿರಲಿ."

ನ್ಯಾಯಾಧೀಶರು ಹುಡುಗನ ಮೂಳೆ ಪರೀಕ್ಷೆ ಮಾಡಿಸಿದರು. ವೈದ್ಯರ ವರದಿಯೂ ದಾದಿಯ ಮಾತಿಗೆ ಹೊಂದಿತು. ಗಲ್ಲು ತಪ್ಪಿತು, ಜೈಲು ತಪ್ಪಲಿಲ್ಲ.

ತೀರ್ಪಿನ ದಿನ ಹುಡುಗನ ತಾಯಿ ಮೆಟ್ಟಿಲ ಬಳಿ ಕಾಲು ಹಿಡಿಯಲು ಬಾಗಿದಳು. ದಾದಿ ಹಿಂದೆ ಸರಿದಳು. "ನಿನಗೋಸ್ಕರ ಹೇಳಲಿಲ್ಲ ನಾನು. ಮುಟ್ಟಬೇಡ."

ಸೊಸೆ ದೂರದಲ್ಲಿ ನಿಂತಿದ್ದಳು. "ನಾನು ನಿಮ್ಮನ್ನ ಕ್ಷಮಿಸಲ್ಲ ಅತ್ತೆ," ಎಂದಳು.

"ಬೇಡಮ್ಮ," ಎಂದಳು ದಾದಿ.

ಇಬ್ಬರೂ ಮನೆಯತ್ತ ನಡೆದರು. ವಾಹನಗಳು ನುಗ್ಗುತ್ತಿದ್ದ ರಸ್ತೆಯನ್ನು ದಾಟುವಾಗ ಮಾತ್ರ ಸೊಸೆ ಅತ್ತೆಯ ಮೊಣಕೈ ಹಿಡಿದುಕೊಂಡಳು. ಆಚೆ ಬದಿ ತಲುಪಿದ ಮೇಲೂ ಕೆಲವು ಹೆಜ್ಜೆ ಬಿಡಲಿಲ್ಲ.