ಅತಿಥಿಗೆ ಮೊದಲು

ನಾನು ಒಂದು ಸಿರಿಂಜು. ಒಂದೇ ಸಲ ಬಳಸಿ ಎಸೆಯಿರಿ ಎಂದು ನನ್ನ ಹೊದಿಕೆಯ ಮೇಲೆ ಅಚ್ಚು ಹಾಕಿಯೇ ಕಾರ್ಖಾನೆಯಿಂದ ಕಳಿಸಿದ್ದರು. ಬೆಂಗಳೂರಿನ ಒಂದು ಔಷಧಿ ಅಂಗಡಿಯಲ್ಲಿ ಕೂತು ನಾನು ಕಲಿತದ್ದು ಇಷ್ಟೇ: ಮನುಷ್ಯರು ಅಕ್ಷರ ಓದುವುದಿಲ್ಲ, ಮುಖ ಓದುತ್ತಾರೆ.

ಅಂಗಡಿಯ ಸದಾನಂದಪ್ಪನವರಿಗೆ ಬಾಯಿ ತುಂಬ ಉಪದೇಶ, ಮೈ ತುಂಬ ಸಕ್ಕರೆ. ಗಲ್ಲಾದ ಹಿಂದೆ ಕೂತು ದಿನಾ ಹೊಸ ಸೂಜಿಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು. ಪಕ್ಕದ ಬೀದಿಯವರು ಸಿರಿಂಜು ಕೇಳಿದರೆ ಮಾತಿಲ್ಲದೆ ಕೊಡುತ್ತಿದ್ದರು. ಮಿಜೋರಾಮಿನಿಂದ ಬಂದು ಮೋಮೊ ಅಂಗಡಿಯಲ್ಲಿ ಅಡುಗೆ ಮಾಡುತ್ತಿದ್ದ ರೆಮಾ ಎರಡು ಸಿರಿಂಜು ಕೇಳಿದ ದಿನ ಮಾತ್ರ ಅವರ ಧರ್ಮ ಎದ್ದು ಕೂತಿತು.

“ನಿಮ್ ಜನಕ್ಕೆಲ್ಲಾ ಇದೇ ಕೆಲ್ಸ ಏನಯ್ಯಾ?”

“ಎರಡು ಬೇಕು ಸಾರ್. ಊರಿಂದ ಫ್ರೆಂಡ್ ಬಂದಿದ್ದಾನೆ.”

“ಒಂದೇ ಕೊಡೋದು. ತಗೊಂಡ್ ಜಾಗ ಖಾಲಿ ಮಾಡು.”

ಎರಡು ಕೊಟ್ಟರೆ ಪಾಪ, ಒಂದು ಕೊಟ್ಟರೆ ಅರ್ಧ ಪಾಪ! ಥೂ, ಅವರ ಪುಣ್ಯಕ್ಕಿಷ್ಟು ಬೆಂಕಿ ಹಾಕ.

ರೆಮಾನನ್ನೂ ನಾನು ಹೊಗಳುವುದಿಲ್ಲ. ಅಮಲಿಗೆ ತೋಳು ಒಪ್ಪಿಸಿದವನು. ಆದರೆ ಮರ್ಯಾದಸ್ಥ. ಮನೆಗೆ ಬಂದವರಿಗೆ ಏನಿದ್ದರೂ ಮೊದಲು ಕೊಡಬೇಕೆಂದು ಅವನಮ್ಮ ಕಲಿಸಿದ್ದಳು. ಇದ್ದದ್ದು ನಾನೊಬ್ಬನೇ. ಗೆಳೆಯ ಬಿಯಾಕಾನ ಮುಂದೆ ಅವನು ನನ್ನನ್ನೇ ಹಿಡಿದ.

“ನೀನೇ ಮೊದಲು ತಗೋ,” ಎಂದ ಬಿಯಾಕಾ.

“ನನ್ನ ಮನೆಗೆ ಬಂದು ನನಗೆ ಅವಮಾನ ಮಾಡ್ತೀಯಾ?”

ಬಿಯಾಕಾ ಎರಡು ಸಲ ಬಾಯಿ ತೆರೆದ. ಎರಡು ಸಲವೂ ನಾಚಿ ಮುಚ್ಚಿಕೊಂಡ. ಕೊನೆಗೆ ತೋಳು ಚಾಚಿದ. ಹೇಡಿ! ಅವನಾದ ಮೇಲೆ ರೆಮಾ ನನ್ನನ್ನು ಬಿಸಿನೀರಲ್ಲಿ ಜಾಲಿಸಿದ. “ನಮ್ಮೂರಿನವನ ರಕ್ತ ತಾನೇ” ಎಂದುಕೊಂಡು ತಾನೂ ಚುಚ್ಚಿಕೊಂಡ. ಆಮೇಲೆ ನನ್ನನ್ನು ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿ ಮರೆತ.

ನಾಲ್ಕು ತಿಂಗಳ ನಂತರ ಊರಿನ ಆಸ್ಪತ್ರೆಯಿಂದ ಬಿಯಾಕಾ ಫೋನು ಮಾಡಿದ. “ನನಗೆ ಎಚ್‌ಐವಿ ಇದೆ. ಅವತ್ತೇ ಗೊತ್ತಿತ್ತು. ಹೇಳೋಕೆ ಬಾಯಿ ಬರಲಿಲ್ಲ,” ಎಂದು ಅತ್ತ. ರೆಮಾ ಬೈಯಲಿಲ್ಲ. ಡಬ್ಬಿ ಎತ್ತಿಕೊಂಡು, ಯಾರನ್ನೋ ಕೇಳಿ, ಸೂಜಿ ಚುಚ್ಚಿಕೊಳ್ಳುವವರಿಗಾಗಿಯೇ ಇರುವ ಒಂದು ಕೇಂದ್ರಕ್ಕೆ ಹೋದ. ಅಲ್ಲಿನ ಜಯಶೀಲಾ ರಕ್ತ ಪರೀಕ್ಷೆ ಮಾಡಿಸಿದಳು. ಅವನಿಗೂ ಸೋಂಕು ತಗುಲಿತ್ತು.

“ಹೆದರ್ಬೇಡ ತಮ್ಮಾ. ಮಾತ್ರೆ ತಪ್ಪಿಸ್ದೆ ನುಂಗಿದ್ರೆ ತುಂಬಾ ವರ್ಷ ಬದುಕ್ತೀಯ. ಇಲ್ಲಿ ಹೊಸ ಸೂಜಿ ಸುಮ್ನೇ ಕೊಡ್ತೀವಿ, ಮೊದಲೇ ಯಾಕ್ ಬರ್ಲಿಲ್ಲ?”

“ಎಲ್ಲರೂ ಹೋಗು ಅಂತಾರೆ ಅಕ್ಕಾ. ಎಲ್ಲಿಗೆ ಅಂತ ಯಾರೂ ಹೇಳಲ್ಲ.”

ಅವಳು ನನ್ನನ್ನು ಹಳೆಯ ಸೂಜಿಗಳ ಪೆಟ್ಟಿಗೆಗೆ ಹಾಕಿದಳು. ನಾಳೆ ನಮ್ಮನ್ನು ಸುಡುತ್ತಾರಂತೆ. ಸುಡಲಿ. ಒಂದೇ ಸಲ ಎಂದು ಬರೆಸಿಕೊಂಡು ಬಂದ ನಾನು ಇಬ್ಬರ ರಕ್ತ ಕಂಡೆ. ಆದರೆ ಸದಾನಂದಪ್ಪನವರಿಗೆ ನಾಳೆಯೂ ಹೊಸ ಸೂಜಿ ಸಿಗುತ್ತದೆ, ಉಪದೇಶವೂ ಮುಗಿಯುವುದಿಲ್ಲ.

ಹೊರಡುವಾಗ ರೆಮಾ ಎರಡು ಸಿರಿಂಜು ಕೇಳಿದ. ಜಯಶೀಲಾ ಯಾಕೆಂದು ಕೇಳದೆ ಕೊಟ್ಟಳು.

“ಮನೆಗೆ ಯಾರಾದ್ರೂ ಬಂದ್ರೆ,” ಎಂದು ಅವನೇ ಹೇಳಿದ.