ಪ್ಲೇಟ್ ಹಮಾಲಿ

“ಸಾಕು, ಏಳೋ ಬಕಾಸುರಾ! ಅದೇನು ಹೊಟ್ಟಿಯೋ, ಮದಗದ ಕೆರಿಯೋ?”

ಖಾನಾವಳಿ ರಾಘಣ್ಣ ಬಾಯಿಂದ ಅಂದದ್ದಷ್ಟೇ ಅಲ್ಲ, ನೀಲಪ್ಪನ ಮುಂದಿದ್ದ ಎಲೆಯನ್ನೇ ಎಳೆದುಕೊಂಡ. ತುತ್ತಿಗೆ ಹೋದ ನೀಲಪ್ಪನ ಕೈ ಬರೀ ಟೇಬಲ್ಲು ತಡವಿತು.

“ಇನ್ನೂ ಮಜ್ಜಿಗಿ ಅನ್ನ ಉಂಡಿಲ್ಲಲ್ರಿ?”

“ಬೋರ್ಡು ಓದೋ, ಬಾಡ್ಯಾ!”

ನೀಲಪ್ಪನಿಗೆ ಓದು ಬಾರದು. ಹಮಾಲರಲ್ಲಿ ನಾಕಕ್ಷರ ಬಲ್ಲವನೆಂದರೆ ನಾನು; ಪಕ್ಕದಲ್ಲಿ ಕೂತಿದ್ದವನು ನಾನೇ ಓದಿ ಹೇಳಿದೆ. ಎಮರ್ಜೆನ್ಸಿ ಕಾಲ. ದೇಶದ ತುಂಬ ಕಟ್ಟಪ್ಪಣೆ ನಡೆದದ್ದು ಕಂಡು ಹಾನಗಲ್ಲಿನ ರಾಘಣ್ಣನಿಗೂ ಹುರುಪು ಬಂದಿತ್ತು. ‘ಒಳಗೆ ಕುಳಿತವರು ಕಡ್ಡಾಯವಾಗಿ ಒಂದು ಊಟ ತೆಗೆದುಕೊಳ್ಳತಕ್ಕದ್ದು. ಒಂದೇ ಎಲೆಯಲ್ಲಿ ಇಬ್ಬರು ಉಣಬಾರದು. ಹಮಾಲರಿಗೆ ಪ್ಲೇಟ್ ಊಟ ಮಾತ್ರ.’

ಪ್ಲೇಟ್ ಊಟವೆಂದರೆ ಅನ್ನ ಒಂದೇ ಸಲ. ರೊಕ್ಕ ಮಾತ್ರ ಫುಲ್ ಊಟದ್ದೇ.

ಆಚೆ ಟೇಬಲ್ಲಿನಲ್ಲಿ ಕಚೇರಿಯ ಗುಮಾಸ್ತ ಜಯತೀರ್ಥರಾಯರು ಉಂಡಷ್ಟು ಉಂಡು, ಉಳಿದದ್ದನ್ನು ಎಲೆಯಲ್ಲೇ ಬಿಟ್ಟು ಏಳುತ್ತಿದ್ದರು. “ಇನ್ನೊಂಚೂರು ಅನ್ನ ಹಾಕಸ್ಲ್ಯಾ ರಾಯರ?” ಎಂದು ರಾಘಣ್ಣ ಅವರ ಹಿಂದೆ ಬಿದ್ದಿದ್ದ. ನನ್ನ ಮೈಯೆಲ್ಲ ಉರಿದುಹೋಯಿತು. ನೀಲಪ್ಪ ಮಾತ್ರ ಬೆರಳು ನೆಕ್ಕಿಕೊಂಡು ಎದ್ದು, ಫುಲ್ ಊಟದ ರೊಕ್ಕ ಎಣಿಸಿಕೊಟ್ಟ.

ಮರುದಿನ ಮಧ್ಯಾಹ್ನ ಖಾನಾವಳಿ ಗಿಜಿಗುಡುವಾಗ ರಾಘಣ್ಣನ ಅಕ್ಕಿ ಹೇರಿದ ಚಕ್ಕಡಿ ಗಿರಣಿಯಿಂದ ಬಂತು. ಹಮಾಲಿಯ ರೊಕ್ಕ ಅವನು ಪೂರಾ ಮೊದಲೇ ಕೊಟ್ಟಿದ್ದ. ನೀಲಪ್ಪ ಚೀಲ ಹೊತ್ತು ಬಂದವನೇ ಬಾಗಿಲ ನಡುವೆ ದೊಪ್ಪನೆ ಇಳಿಸಿದ. ಅದರ ಮೇಲೆ ನಾನೊಂದು ಇಳಿಸಿದೆ. ನಮ್ಮ ಹಿಂದೆ ಇನ್ನೊಬ್ಬ ಹಮಾಲ ಉಳಿವೆಪ್ಪ ಮತ್ತೊಂದು ಇಳಿಸಿದ. ಬಾಗಿಲು ಸೊಂಟದ ಮಟ ಬಂದಾಯಿತು.

“ಏ, ಅಡಿಗಿಮನಿಗೆ ಒಯ್ಯೋ!”

“ಇದು ಪ್ಲೇಟ್ ಹಮಾಲಿರಿ,” ನೀಲಪ್ಪ ಬಲು ವಿನಯದಿಂದ ಹೇಳಿದ. “ಬಾಗಲತನಕ ಅಷ್ಟ.”

“ರೊಕ್ಕ ಫುಲ್ ತಗೊಂಡೀಯಲ್ಲೋ, ಮಗನ!”

“ನೀವೂ ಹಂಗ ತಗೊಂಡ್ರಲ್ರಿ.”

ರಾಘಣ್ಣ ಒಳಗಿನಿಂದ ಚೀಲಕ್ಕೆ ಜೋತುಬಿದ್ದ. ಚೀಲ ಜಗ್ಗಲಿಲ್ಲ, ಧೋತರ ಮಾತ್ರ ಸಡಿಲಾಯಿತು. ಹೊರಗೆ ಹೋಗಲು ಬೇರೆ ದಾರಿಯೂ ಇಲ್ಲ. ಉಂಡವರು ರೊಕ್ಕ ಕೊಡದೆ ಓಡಿಯಾರೆಂದು ಹಿತ್ತಿಲ ಬಾಗಿಲಿಗೆ ಇಟ್ಟಂಗಿ ಕಟ್ಟಿಸಿದವನು ಅವನೇ.

“ಸಾಹೇಬ್ರು ಬಂದಿರ್ತಾರೋ, ನನ್ನ ಹೊರಗ ಬಿಡ್ರೋ!” ಎಂದು ಅವತ್ತೂ ಉಣಲು ಬಂದಿದ್ದ ಜಯತೀರ್ಥರಾಯರು ಚೀಲ ದಾಟಲು ಕಾಲೆತ್ತಿದರು. ಪ್ಯಾಂಟು ಚರ್ರೆಂದಿತು. ಕಾಲು ಇಳಿಸಿ ಗೋಡೆಗೆ ಬೆನ್ನು ಹಚ್ಚಿ ನಿಂತರು.

ಗಿರಣಿಯಲ್ಲಿ ಅಕ್ಕಿ ಹಸನು ಮಾಡುವ ಕರೆವ್ವ ರಸ್ತೆಯಲ್ಲಿ ನಿಂತು ಕೂಗಿದಳು: “ಒಳಗ ಇದ್ದಾವ್ರು ಕಡ್ಡಾಯ ಉಣ್ಣಬೇಕಂತಲ್ಲ! ಎಲ್ಲಾರಿಗೂ ಇನ್ನೊಂದೊಂದು ಊಟ ನೀಡ್ರಿ ರಾಘಣ್ಣಾರ, ರೊಕ್ಕಾ ಬಿಡಬ್ಯಾಡ್ರಿ ಮತ್ತ!”

ಓಣಿಯೆಲ್ಲ ನಕ್ಕಿತು. ರಾಘಣ್ಣನ ಮುಖ ಕೆಂಪಾಯಿತು.

“ಆತೋ ಮಾರಾಯಾ, ಇವತ್ತೊಂದಿನ ಫುಲ್ ಊಟ ನೀಡ್ತೀನಿ. ಚೀಲ ತಗಿ!”

“ಮೊದಲ ಊಟ.”

ನೀಲಪ್ಪ ಚೀಲಗಳ ಮೇಲೆ ಹತ್ತಿ ಬಾಗಿಲ ನಡುವೆ ಚಕ್ಕಳಮಕ್ಕಳ ಹಾಕಿ ಕೂತ. ತೊಡೆಯ ಮೇಲೆ ಎಲೆ ನಿಲ್ಲಲಿಲ್ಲ.

“ಆ ಬೋರ್ಡ್ ಕೊಡ್ರಿ ಇಲ್ಲೆ.”

ರಾಘಣ್ಣ ಹಲ್ಲು ಕಡಿಯುತ್ತ ಗೋಡೆಯ ಬೋರ್ಡು ಕಿತ್ತು ಕೊಟ್ಟ. ನೀಲಪ್ಪ ಅದನ್ನು ತೊಡೆಯ ಮೇಲೆ ಹಾಸಿ ಎಲೆ ಹಾಕಿದ. ಅನ್ನ ಬಂತು, ಸಾರು ಬಂತು. ಮತ್ತೆ ಅನ್ನ, ಮತ್ತೆ ಸಾರು. ಸಾರು ಎಲೆ ದಾಟಿ ಅಕ್ಷರಗಳ ಮೇಲೆ ಹರಿಯಿತು. ಕೆಳಗೆ ಉಳಿವೆಪ್ಪ, ನಾನು, ಉಳಿದ ಹಮಾಲರು ಒಂದೊಂದು ಎಲೆ ಹಿಡಿದು ಸಾಲು ನಿಂತೆವು.

ರಾಘಣ್ಣ ಅನ್ನದ ಬೋಗುಣಿಯ ತಳ ಇಣುಕಿ ನೋಡಿದ. “ಸಾಕಲ್ಲೋ?”

ನೀಲಪ್ಪ ಅನ್ನದ ನಡುವೆ ಸಾರಿಗೆ ಗುಳಿ ಮಾಡಿದ.

“ನೀಡ್ರಿ. ಸಾಕು ಅನ್ನಾಂವ ಇವತ್ತ ನಾನು.”