ತಿರುಚನಾಪಳ್ಳಿಯಲ್ಲಿ ಬಿದ್ದ ಗಂಟು

ಹೊಟ್ಟೆಕಿಚ್ಚು ಎಂದರೇನು ಎಂದು ಯಾರಿಗಾದರೂ ತಿಳಿಯಬೇಕಿದ್ದರೆ, ಆ ವೈಶಾಖದಲ್ಲಿ ಬೌರಿಂಗ್‌ಪೇಟೆಯಿಂದ ತಿರುಚನಾಪಳ್ಳಿಗೆ ಹೊರಟ ಆದಿಲಕ್ಷ್ಮಮ್ಮನ ಪಕ್ಕ ರೈಲಿನಲ್ಲಿ ಒಂದು ಗಳಿಗೆ ಕುಳಿತಿದ್ದರೆ ಸಾಕಿತ್ತು. ಎದುರು ಬೆಂಚಿನಲ್ಲಿ ಕಿಟಕಿಯ ಪಕ್ಕ ತಂಗಿ ಮಂಗಮ್ಮ, ಅವಳ ತೊಡೆಯ ಮೇಲೆ ಮಗು, ಮಗುವಿಗೆ ಒರಗಿಕೊಂಡಂತೆ ಗಂಡ ಸೊಣ್ಣಪ್ಪ. ಈ ಕಡೆಯ ಬೆಂಚಿನಲ್ಲಿ ಬುತ್ತಿ, ನೀರಿನ ಚೊಂಬು, ಬಟ್ಟೆಯ ಮೂಟೆ, ಆಮೇಲೆ ಆದಿಲಕ್ಷ್ಮಮ್ಮ. ‘ಸಾಮಾನಿನ ಜೊತೆಗೆ ನನ್ನನ್ನೂ ಎತ್ತಿ ಇಟ್ಟಿದ್ದಾನೆ ನೋಡು’ ಎಂದು ಒಳಗೊಳಗೇ ಕುದಿಯುತ್ತಿದ್ದಳು.

ಮಂಗಮ್ಮ ಆಕೆಗೆ ಒಡಹುಟ್ಟಿದ ತಂಗಿಯೂ ಹೌದು, ಸವತಿಯೂ ಹೌದು. ಹೋಗಲಿ, ಯಾರನ್ನಾದರೂ ಬೈದುಕೊಂಡು ಹೊಟ್ಟೆ ತಣ್ಣಗೆ ಮಾಡಿಕೊಳ್ಳೋಣ ಎಂದರೆ ಅದಕ್ಕೂ ದಾರಿಯಿರಲಿಲ್ಲ. ಮದುವೆಯಾಗಿ ವರ್ಷಗಳೇ ಕಳೆದರೂ ತನ್ನ ಮಡಿಲು ತುಂಬದೆ, ಗಂಡನ ಮನೆಯವರು ಬೇರೆ ಊರಲ್ಲಿ ಹೆಣ್ಣು ನೋಡತೊಡಗಿದಾಗ ತವರಿಗೆ ಓಡಿ ಅಪ್ಪನ ಕಾಲು ಹಿಡಿದವಳು ಆಕೆಯೇ. “ಕೊಡೋದಾದ್ರೆ ನಮ್ ಮಂಗೀನೇ ಕೊಡಪ್ಪೋ. ಎಲ್ಲಿಂದ್ಲೋ ಒಬ್ಬಳು ಬಂದು ನನ್ ತಲೆ ಮ್ಯಾಲೆ ಕುಂತ್ಕೊಳ್ಳೋದು ಬ್ಯಾಡ,” ಎಂದು ಅತ್ತಿದ್ದಳು. ಧಾರೆಯ ದಿನ ತಂಗಿಗೆ ತಲೆ ಬಾಚಿ ಹೂ ಮುಡಿಸಿದವಳೂ ಆಕೆಯೇ. ಈಗ ತಲೆಯ ಮೇಲೆ ಕುಳಿತವಳು ಎಲ್ಲಿಂದಲೋ ಬಂದವಳಲ್ಲ ಎನ್ನುವುದಷ್ಟೇ ಸಮಾಧಾನ. ಸುಡುಗಾಡು ಸಮಾಧಾನ!

ಮಂಗಮ್ಮ ಬಂದಳು, ಗಂಡು ಮಗು ಹೆತ್ತಳು. ಅಷ್ಟಕ್ಕೇ ನಿಂತಿದ್ದರೆ ಆದಿಲಕ್ಷ್ಮಮ್ಮ ಹೇಗೋ ಸಹಿಸಿಕೊಳ್ಳುತ್ತಿದ್ದಳೇನೋ. ಊರಿಗಾಂ ಚಿನ್ನದ ಗಣಿಯ ತಮಿಳು ಕೂಲಿಗಳ ಲೈನುಮನೆಗಳಿಗೆ ಗಂಡನ ಜೊತೆ ಹಾಲು ಹಾಕಲು ಹೋಗುವವಳೂ ಅವಳೇ ಆದಳು. ಹಾಗೆ ಹೋಗಿ ಬಂದು ತಮಿಳು ಕಲಿತಳು. ಬೆಳಗಾದರೆ ಇಬ್ಬರೂ ಹಾಲಿನ ತಪ್ಪಲೆ ಹೊತ್ತು ನಗುತ್ತಾ ಹೊರಡುವುದು, ಆದಿಲಕ್ಷ್ಮಮ್ಮ ಕೊಟ್ಟಿಗೆಯಲ್ಲಿ ಸೆಗಣಿ ಬಾಚುವುದು. ಗಂಡ ಆಕೆಯನ್ನು ಹೊಡೆದವನಲ್ಲ, ಬೈದವನೂ ಅಲ್ಲ. ಮನೆಯ ಕಂಬವನ್ನು ಯಾರು ಬೈಯುತ್ತಾರೆ?

ಆಕೆಗೆ ಉಳಿದಿದ್ದುದು ಒಂದೇ ಆಸೆ. ಮಗುವಿನ ಮೊದಲ ಮುಡಿ ಕಾವೇರಿ ದಡದಲ್ಲಿ ಕೊಡುತ್ತೇವೆಂದು ಹರಕೆಯಿತ್ತು. ಮುಡಿ ಆದಮೇಲೆ ಗಂಡ ಹೆಂಡತಿ ಗಂಟು ಹಾಕಿಕೊಂಡು ಹೊಳೆಯಲ್ಲಿ ಮುಳುಗಬೇಕು. ಗಂಡನ ಪಂಚೆಯ ಅಂಚಿಗೆ ಹೆಂಡತಿಯ ಸೆರಗು ಕಟ್ಟಿ ಇಬ್ಬರೂ ಒಟ್ಟಿಗೆ ಮೂರು ಮುಳುಗು. ಗಂಟು ಒಂದೇ, ಹೆಂಡತಿಯರು ಇಬ್ಬರು. ಊರಿನಲ್ಲಿ ಮಗು ಹೆತ್ತವಳೇ ಗಂಟಿಗೆ ನಿಲ್ಲಬೇಕೆಂದು ಕೆಲವರು, ಮೊದಲ ಧಾರೆಯವಳೇ ಎಂದು ಕೆಲವರು. ಸೊಣ್ಣಪ್ಪನನ್ನು ಕೇಳಿದರೆ, “ಅಲ್ಲಿಗ್ ಓದ್ಮ್ಯಾಲೆ ನೋಡಾನ, ಬಿಡು,” ಎಂದಿದ್ದ. ಆ ‘ನೋಡಾನ’ ಆಕೆಯ ಎದೆಯಲ್ಲಿ ಮುಳ್ಳಿನಂತೆ ಕುಳಿತಿತ್ತು. ಹಾಸಿಗೆ ಹೋಯಿತು, ಹಾಲಿನ ವ್ಯಾಪಾರ ಹೋಯಿತು, ಮಾತು ಹೋಯಿತು. ನಾಲ್ಕು ಜನರ ಎದುರು ನಾನೂ ಇವನ ಹೆಂಡತಿ ಎಂದು ತೋರಿಸುವ ಆ ಗಂಟೊಂದು ಹೋದರೆ ಆಕೆ ಆ ಮನೆಯ ಆಳು, ಅಷ್ಟೇ.

ಜೋಲಾರಪೇಟೆಯಲ್ಲಿ ಗಾಡಿ ಬದಲಾಯಿಸಿದ ಮೇಲಂತೂ ಮಂಗಮ್ಮನದೇ ದರಬಾರು. ಯಾವ ಗಾಡಿ, ಎಲ್ಲಿ ನೀರು, ಎಷ್ಟಕ್ಕೆ ಮಾವಿನಹಣ್ಣು, ಎಲ್ಲವೂ ಪಟಪಟ ತಮಿಳಿನಲ್ಲಿ. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಮಗುವಿನ ಗಲ್ಲ ಹಿಂಡಿ, ಆದಿಲಕ್ಷ್ಮಮ್ಮನ ಕಡೆ ಕೈ ತೋರಿಸಿ ಏನೋ ಕೇಳಿದಳು. ಮಂಗಮ್ಮ ನಕ್ಕು ಉತ್ತರ ಕೊಟ್ಟಳು.

“ಏನಂದ್ಲೇ ಅವಳು?”

“ನೀನು ನನ್ ಅತ್ತೇನಾ ಅಂತ ಕೇಳಿದ್ಲು ಅಕ್ಕ. ಅಲ್ಲ, ನಮ್ಮಕ್ಕ ಅಂದೆ.”

ಸೊಣ್ಣಪ್ಪ ಗೊಳ್ಳೆಂದು ನಕ್ಕ. ಆದಿಲಕ್ಷ್ಮಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅಕ್ಕ ಅಂದಳಂತೆ! ಇವನ ಹಿರೇ ಹೆಂಡತಿ ಅನ್ನುವುದಕ್ಕೆ ಇವಳ ನಾಲಿಗೆಗೆ ಏನಾಗಿತ್ತು?

ತಿರುಚನಾಪಳ್ಳಿಯಲ್ಲಿ ಇಳಿದಾಗ ಬೆಳಗಿನ ಬಿಸಿಲೇ ಚುರುಗುಟ್ಟುತ್ತಿತ್ತು. ಊರ ನಡುವೆ ಎದ್ದು ನಿಂತ ಬೋಳು ಬಂಡೆ, ಅದರ ತುದಿಯಲ್ಲಿ ಗುಡಿ, ಕೆಳಗೆ ಜಟಕಾಗಳ ಸಾಲು, ಬಾಳೆಲೆಯ ಹೊರೆಗಳು, ಗಂಧದ ವಾಸನೆ. ಸೊಣ್ಣಪ್ಪ ಎಲ್ಲವನ್ನೂ ಬೆರಳು ಮಾಡಿ ತೋರಿಸುತ್ತಿದ್ದುದು ಮಂಗಮ್ಮನಿಗೆ. ಆದಿಲಕ್ಷ್ಮಮ್ಮ ಮೂಟೆ ಹೊತ್ತು ಹಿಂದೆ ಬರುತ್ತಿದ್ದಳು. ಆದರೆ ಸೇತುವೆಯ ಬಳಿ ಬಂದು ಹೊಳೆ ಕಂಡಾಗ ಆಕೆಗೂ ಒಂದು ಕ್ಷಣ ಎಲ್ಲ ಮರೆತುಹೋಯಿತು. ಬೇಸಗೆಗೆ ಕಾವೇರಿ ಸೊರಗಿತ್ತು. ಕಣ್ಣು ಹಾಯುವಷ್ಟೂ ಮರಳು, ಮರಳಿನ ನಡುವೆ ಅಲ್ಲಲ್ಲಿ ಹರಿಯುವ ನೀರು. ಆದರೂ ನೀರು ತನ್ನಷ್ಟಕ್ಕೆ ತಾನು ನಡೆದು ಹೋಗುವುದನ್ನು ಆಕೆ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವರ ಕಡೆ ನೀರೆಂದರೆ ಕೆರೆ, ಕೆರೆಯ ನೀರು ಕೂತಲ್ಲೇ ಕೂತಿರುತ್ತದೆ.

“ಅಬ್ಬಬ್ಬಾ, ಎಲ್ಲಿಗ್ ಓಯ್ತೈತೆ ಇಷ್ಟು ನೀರು?” ಎಂದಳು, ಗಂಡನಿಗೆ. ಅವನು ಮಗುವಿಗೆ ದೋಣಿ ತೋರಿಸುತ್ತಿದ್ದ.

ಘಟ್ಟದ ಅರಳಿಮರದ ಕೆಳಗೆ ನಾವಿದ ಮಗುವಿನ ತಲೆ ಬೋಳಿಸಿ ಮುಗಿಸಿದ. ಮಗು ಗಂಟಲು ಹರಿದುಕೊಳ್ಳುವ ಹಾಗೆ ಅತ್ತು ಸುಮ್ಮನಾಯಿತು. ಪುರೋಹಿತರು ತೆಲುಗಿನವರು. ದರ್ಭೆ ಹಿಡಿದು ನಿಂತು, ಗಂಟಿಗೆ ನಿಲ್ಲುವವರು ಯಾರೆಂದು ಕೇಳಿದರು. ಸೊಣ್ಣಪ್ಪ ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿ ತಲೆ ಕೆರೆದುಕೊಂಡ. ಅವನ ಕಣ್ಣು ಮಂಗಮ್ಮನ ಮೇಲೆ ನಿಲ್ಲುವಷ್ಟರಲ್ಲಿ ಆದಿಲಕ್ಷ್ಮಮ್ಮ ಮುಂದೆ ನುಗ್ಗಿದಳು. ತಮಿಳು ಬಾರದಿದ್ದರೇನು, ತೆಲುಗು ಆಕೆಯ ಮನೆಮಾತಿನಷ್ಟೇ ಸಲೀಸು.

“ಪೆದ್ದದಾನ್ನಿ ನೇನೇ, ಸಾಮೀ! ದೊಡ್ಡೋಳು ನಾನೇ!”

“ಹಾಗಾದರೆ ನೀನೇ ಬಾಮ್ಮಾ. ಧರ್ಮಕ್ಕೆ ಮೊದಲನೆಯವಳೇ,” ಎಂದು ಪುರೋಹಿತರು ತೆಲುಗಿನಲ್ಲೇ ತೀರ್ಮಾನ ಕೊಟ್ಟುಬಿಟ್ಟರು.

ಆಹಾ, ಆಕೆಯ ಮುಖ ನೋಡಬೇಕಿತ್ತು! ಪುರೋಹಿತರು ಕಟ್ಟುವ ತನಕವೂ ಕಾಯಲಿಲ್ಲ. ಗಂಡನ ಪಂಚೆಯ ಅಂಚು ಎಳೆದು, ತನ್ನ ಸೆರಗಿನ ತುದಿ ಸೇರಿಸಿ, ಹಗ್ಗ ಕಿತ್ತು ಓಡುವ ತುಂಟ ಕರುವಿಗೆ ಹಾಕುವ ಗಂಟನ್ನೇ ಹಾಕಿದಳು. ಅದರ ಮೇಲೆ ಇನ್ನೊಂದು. ಹಲ್ಲಿನಲ್ಲಿ ಕಚ್ಚಿ ಬಿಗಿದಳು.

“ಲೇ, ನಾನೇನ್ ಓಡೋಯ್ತೀನಾ?” ಎಂದ ಸೊಣ್ಣಪ್ಪ.

“ಯಾರಿಗ್ ಗೊತ್ತು,” ಎಂದಳು.

ಮಂಗಮ್ಮ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು. ಅವಳ ಮುಖದಲ್ಲಿ ಬೇಸರವೇನೂ ಇರಲಿಲ್ಲ. ಅದನ್ನು ಕಂಡು ಆದಿಲಕ್ಷ್ಮಮ್ಮನಿಗೆ ಇನ್ನಷ್ಟು ಸಿಟ್ಟು ಬಂತು. ತಾನು ಗೆದ್ದದ್ದು ಇವಳಿಗೆ ತಾಕಲೇ ಇಲ್ಲವಲ್ಲ! ಅಲ್ಲದೆ ಇವಳು ಎದುರಿಗೆ ನಿಂತಿದ್ದರೆ ಗಂಡನ ಕಣ್ಣು ಮುಳುಗು ಮುಳುಗಿಗೂ ಅತ್ತಲೇ ಹೋಗುತ್ತದೆ.

“ಇಲ್ಯಾಕ್ ನಿಂತಿದ್ದೀಯೇ ಮಂಗೀ? ಮಗೀನ್ ತಲೆ ತೊಳೀಬಾರ್ದಾ? ಇಲ್ಲಿ ಸೆಳವು ಐತೆ. ಅಗೋ, ಆ ಮರಳುದಿಬ್ಬದ ಪಕ್ಕ ನಿಂತ ನೀರೈತೆ ನೋಡು, ನಮ್ ಕೆರೆ ನೀರಿದ್ದಂಗೆ. ಅಲ್ಲಿಗ್ ಓಗು.”

ದೂರ ಕಳಿಸುವುದೇ ಆಕೆಗೆ ಮುಖ್ಯವಾಗಿದ್ದರೂ ಹೇಳಿದ್ದು ಸುಳ್ಳಲ್ಲ, ಆಕೆ ಹಾಗೆಂದೇ ನಂಬಿದ್ದಳು. ಹರಿಯುವ ನೀರು ಎಳೆದುಕೊಂಡು ಹೋಗುತ್ತದೆ, ನಿಂತ ನೀರು ಏನೂ ಮಾಡುವುದಿಲ್ಲ. ಕೆರೆಯಲ್ಲಿ ದಡದಿಂದ ಇಳಿದರೆ ಮೊದಲು ಪಾದ, ಆಮೇಲೆ ಮಂಡಿ, ಆಮೇಲೆ ಸೊಂಟ. ಮಂಗಮ್ಮನೂ ಅದೇ ಕೆರೆಯ ದಡದಲ್ಲಿ ಬೆಳೆದವಳು. ಹೂಂ ಎಂದು ಹೊರಟಳು. ಬೇಸಗೆಯ ಹೊಳೆಯಲ್ಲಿ ಹರಿಯುವ ನೀರು ಸೊಂಟ ಮೀರುವುದಿಲ್ಲ, ಅಲುಗಾಡದೆ ಹಸಿರಾಗಿ ನಿಂತದ್ದೇ ಆಳದ ಮಡು ಎಂದು ಅವರಿಗೆ ಹೇಳುವವರು ಯಾರು?

ಗಂಡ ಹೆಂಡತಿ ಸೊಂಟದಷ್ಟು ನೀರಿಗೆ ಇಳಿದರು. ಪುರೋಹಿತರು ಮಂತ್ರ ಹೇಳಿದರು. ಒಂದು ಮುಳುಗು. ಕಣ್ಣು ಬಿಟ್ಟಾಗ ಸುತ್ತ ನೂರಾರು ಜನ, ಪಕ್ಕದಲ್ಲಿ ತನ್ನ ಗಂಡ, ನಡುವೆ ಗಂಟು. ಆದಿಲಕ್ಷ್ಮಮ್ಮನಿಗೆ ಅಳುವೇ ಬಂತು, ಸಂತೋಷಕ್ಕೆ. ಎರಡನೆಯ ಮುಳುಗಿನಿಂದ ಎದ್ದಾಗ ಯಾರೋ ಕೂಗುತ್ತಿದ್ದರು. “ಕೊಳಂದೆ! ಕೊಳಂದೆ!” ತಮಿಳು ಬಾರದಿದ್ದರೂ ಗಣಿಯ ಸೀಮೆಯವರಿಗೆ ಅಷ್ಟು ಗೊತ್ತಾಗುತ್ತದೆ, ಮಗು, ಮಗು ಎಂದು ಕೂಗುತ್ತಿದ್ದಾರೆ ಎಂದು. ದಿಬ್ಬದ ಪಕ್ಕದ ಹಸಿರು ನೀರಿನಲ್ಲಿ ಮಂಗಮ್ಮನ ತಲೆ ಕಾಣಲಿಲ್ಲ. ಎರಡು ಕೈಗಳಷ್ಟೇ ಮೇಲಿದ್ದವು, ಕೈಗಳ ಮೇಲೆ ಬೋಳು ತಲೆಯ ಮಗು.

ಸೊಣ್ಣಪ್ಪ ಚಂಗನೆ ಹಾರಿದ, ಗಂಟು ಜಗ್ಗಿ ಹಿಂದಕ್ಕೆ ಬಿದ್ದ.

“ಬಿಚ್ಚೇ! ಬಿಚ್ಚೇ ಮುಂಡೇದೇ!” ಎಂದು ಚೀರಿ ಉಗುರಿನಿಂದ ಕಿತ್ತ. ನೆನೆದ ನೂಲು, ಕರುವಿನ ಗಂಟು, ಎಲ್ಲಿ ಬಿಚ್ಚೀತು?

ಆದಿಲಕ್ಷ್ಮಮ್ಮ ಕದಲಲಿಲ್ಲ. ರೆಪ್ಪೆ ಬಡಿಯುವಷ್ಟು ಹೊತ್ತು ಆಕೆಯ ಮನಸ್ಸಿನಲ್ಲಿ ‘ಹೋಗಲಿ’ ಎನ್ನಿಸಿತೆ? ಎನ್ನಿಸಿತು. ಮುಚ್ಚಿಡುವುದೇಕೆ, ಎನ್ನಿಸಿತು. ಮರುಕ್ಷಣವೇ ಆ ನೀರಿನಿಂದ ಮೇಲೆದ್ದ ಮಂಗಮ್ಮನ ಬಾಯಿ “ಅಕ್ಕಾ” ಎಂದಿತು. ‘ರೀ’ ಅನ್ನಲಿಲ್ಲ, ‘ಅಯ್ಯೋ’ ಅನ್ನಲಿಲ್ಲ. ಆದಿಲಕ್ಷ್ಮಮ್ಮನ ಕೈಗಳು ತಾವಾಗಿಯೇ ಸೊಂಟಕ್ಕೆ ಹೋದವು. ನೆರಿಗೆ ಕಿತ್ತಳು, ಗಿರಗಿರ ಎರಡು ಸುತ್ತು ತಿರುಗಿದಳು, ಉಟ್ಟ ಸೀರೆಯನ್ನೇ ಬಿಟ್ಟುಕೊಟ್ಟಳು.

“ಓಗು! ಸೀರೆ ಎಸಿ ಅವಳಿಗೆ! ಓಗೂ!”

ಸೊಣ್ಣಪ್ಪ ಸೀರೆಯನ್ನು ಬಾಲದಂತೆ ಎಳೆದುಕೊಂಡು ದಿಬ್ಬ ಹತ್ತಿದ. ಇನ್ನೊಂದು ತುದಿಯನ್ನು ಬಾಚಿ ಎಸೆದ. ಮಂಗಮ್ಮ ಒಂದು ಕೈಯಲ್ಲಿ ಹಿಡಿದಳು. ಅವನ ಸೊಂಟದ ಗಂಟು ಜಪ್ಪಯ್ಯ ಎನ್ನಲಿಲ್ಲ. ಅಷ್ಟರಲ್ಲಿ ಜನವೂ ಓಡಿಬಂದು ಎಳೆದರು, ತಾಯಿ ಮಗು ಇಬ್ಬರೂ ಮರಳಿಗೆ ಬಂದು ಬಿದ್ದರು. ಮಗು ಕಿಟಾರನೆ ಕಿರುಚಿತು. ಕಿರುಚಿತಲ್ಲ, ಸಾಕು.

ಆದಿಲಕ್ಷ್ಮಮ್ಮ ಅಲ್ಲೇ ನೀರಿನಲ್ಲಿ ಕುಕ್ಕರಗಾಲಲ್ಲಿ ಕುಳಿತುಬಿಟ್ಟಳು. ಮೈಮೇಲೆ ರವಿಕೆ ಬಿಟ್ಟರೆ ಒಂದು ಎಳೆಯಿಲ್ಲ. ಕತ್ತಿನ ತನಕ ನೀರು. ಪುರೋಹಿತರು ಮರ್ಯಾದೆಯಿಂದ ಬೆನ್ನು ತಿರುಗಿಸಿ ನಿಂತರು. ದಿಬ್ಬದ ಮೇಲೆ ಸೊಣ್ಣಪ್ಪ ಮಂಗಮ್ಮನ ಬೆನ್ನು ತಟ್ಟಿ ನೀರು ಕಕ್ಕಿಸುತ್ತಿದ್ದ, ತಲೆ ಒರೆಸುತ್ತಿದ್ದ, ಏನೇನೋ ಹೇಳುತ್ತಿದ್ದ. ನಡುಗುವ ಅವಳಿಗೂ ಮಗುವಿಗೂ ಕೈಗೆ ಸಿಕ್ಕಿದ ಸೀರೆಯನ್ನೇ ಸುತ್ತಿ ಹೊದಿಸಿದ. ಒಂದು ತುದಿ ಇನ್ನೂ ಅವನ ಸೊಂಟದಲ್ಲೇ ಇತ್ತು. ಮೂವರೂ ಒಂದೇ ಸೀರೆಯಲ್ಲಿ, ತನ್ನ ಸೀರೆಯಲ್ಲಿ!

ಆಕೆಗೆ ಎದೆ ಧಗಧಗ ಉರಿಯಿತು, ಕತ್ತಿನ ತನಕ ಕಾವೇರಿಯಿದ್ದರೂ. ಕೂಗಿದರೆ ಬಂದಾನು. ಆದರೆ ಆಕೆ ಕೂಗಲಿಲ್ಲ. ಕೂಗಿ ಕರೆಸಿಕೊಳ್ಳುವುದಾದರೆ ಅದರಲ್ಲೇನಿದೆ? ಒಂದು ಸಲ, ಒಂದೇ ಒಂದು ಸಲ, ತಾನಾಗಿ ತಿರುಗಿ ನೋಡಲಿ. ‘ಅಯ್ಯೋ, ಅವಳು ಅಲ್ಲೇ ಇದ್ದಾಳಲ್ಲ’ ಎಂದು ನೆನೆಯಲಿ. ಕಾಯುತ್ತಾ ಕುಳಿತಳು. ಮುಳುಗಲು ಬಂದವರು ಆಕೆಯನ್ನು ಬಳಸಿಕೊಂಡು ಹೋದರು. ಸೊಣ್ಣಪ್ಪ ಮಗುವನ್ನು ಎತ್ತಿ ಎದೆಗೆ ಒತ್ತಿಕೊಂಡು ಆ ಕಡೆ ಮುಖ ಮಾಡಿ ಕುಳಿತಿದ್ದ.

ತಲೆಯೆತ್ತಿ ಸುತ್ತ ನೋಡಿದವಳು ಮಂಗಮ್ಮ. ಹೊದ್ದದ್ದನ್ನು ಸರಿಸಿ ಎದ್ದಳು, ತೂರಾಡಿದಳು. ಅರಳಿಮರದ ಕಡೆ ಹೋಗಿ ಮೂಟೆ ಬಿಚ್ಚಿ ತನ್ನದೊಂದು ಒಣ ಸೀರೆ ತೆಗೆದಳು. ಹಬ್ಬಕ್ಕೆ ಗಂಡ ತಂದುಕೊಟ್ಟಿದ್ದ ಹೊಸ ಸೀರೆ. ಮೆಟ್ಟಿಲ ಬಳಿ ಬಂದು ನೀರು ಕಂಡು ಬೆದರಿದಳು. ಆಮೇಲೆ ಸೀರೆಯನ್ನು ತಲೆಯ ಮೇಲೆತ್ತಿ ಹಿಡಿದು, ಒಂದೊಂದೇ ಹೆಜ್ಜೆ ತಡವುತ್ತಾ ಅಕ್ಕನ ತನಕ ಬಂದು ನಿಂತಳು. ಹಲ್ಲು ಕಟಕಟ ಎನ್ನುತ್ತಿತ್ತು.

“ಅವನು ಕಳಿಸಿದ್ನಾ?” ಎಂದಳು ಆದಿಲಕ್ಷ್ಮಮ್ಮ.

ಮಂಗಮ್ಮ ಅಕ್ಕನ ಮುಖ ನೋಡಿದಳು.

“ಊಂ ಅಕ್ಕ. ಅವ್ರೇ ಕಳಿಸಿದ್ದು. ‘ನಿಮ್ಮಕ್ಕ ನೀರಾಗೇ ಕುಂತವ್ಳೆ, ಮೊದ್ಲು ಅವಳಿಗ್ ಸೀರೆ ಕೊಟ್ಟು ಬಾ’ ಅಂದ್ರು.”

ಆದಿಲಕ್ಷ್ಮಮ್ಮ ಅಷ್ಟು ಹೊತ್ತೂ ಕಣ್ಣು ಕೀಳದೆ ನೋಡುತ್ತಿದ್ದವಳು. ಮಂಗಮ್ಮ ಎದ್ದು ಬರುವಾಗ ಸೊಣ್ಣಪ್ಪ ಬಾಯಿ ತೆರೆದಿರಲಿಲ್ಲ, ತಿರುಗಿಯೂ ನೋಡಿರಲಿಲ್ಲ. ಈಗಲೂ ಮಗುವಿನ ಕಿವಿ ಒರೆಸುತ್ತಾ ಕುಳಿತಿದ್ದ. ಸೀರೆಗೆ ಕೈ ಚಾಚಿದಳು, ಆದರೆ ತೆಗೆದುಕೊಳ್ಳಲಿಲ್ಲ.

“ಏನಂದ್ರು?” ಎಂದಳು. “ಇನ್ನೊಂದು ಸಲ ಅನ್ನೇ ಮಂಗೀ.”